ಹಾರ್ಡ್ ಡಿಸ್ಕ್ ಬದಲಾವಣೆ ಮತ್ತು ಸ್ವಾಪ್ ಜಾಗ: ಲಿನಕ್ಸ್ ಗಣಕಯಂತ್ರಕ್ಕೊಂದು ಯೋಜನೆ

ಪುಣೆಯ ಶಿವಾಜಿನಗರದಲ್ಲಿ ಭಾರತ ಹವಾಮಾನ ಇಲಾಖೆಯ ಹಳೆಯ ಕಟ್ಟಡವೊಂದಿದೆ. ಊರಿನ ಜನ ಅದನ್ನು ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. 1875ರಲ್ಲಿ ಸ್ಥಾಪನೆಗೊಂಡ ಈ ಇಲಾಖೆಯ ಪ್ರಧಾನ ಕಚೇರಿಯು ಮೊದಲು ಕಲ್ಕತ್ತೆಯಲ್ಲಿತ್ತು. 1905ರಲ್ಲಿ ಅದು ಸಿಮ್ಲಾಕ್ಕೂ, 1928ರಲ್ಲಿ ಪುಣೆಗೂ, 1944ರಲ್ಲಿ ದೆಹಲಿಗೂ ವರ್ಗಗೊಂಡಿತು. ಸಿಮ್ಲಾದಿಂದ ಬಂದ ಕಚೇರಿಯೆಂಬ ಕಾರಣಕ್ಕೆ ಅಂಟಿಕೊಂಡ ಹೆಸರು ಕಚೇರಿ ದೆಹಲಿಗೆ ಹೋದ ಮೇಲೂ ಉಳಿದುಕೊಂಡಿದೆ.

ಪ್ರಧಾನ ಕಚೇರಿ ಸ್ಥಳಾಂತರಗೊಂಡರೂ, ದೇಶದ ಹವಾಗುಣದ ದಾಖಲೆಗಳನ್ನು ಕಾಪಾಡುವ ಹೊಣೆ ಪುಣೆಯಲ್ಲಿಯೇ ಉಳಿಯಿತು. ಇಲಾಖೆಯ ರಾಷ್ಟ್ರೀಯ ದತ್ತಾಂಶ ಕೇಂದ್ರ ಇರುವುದು ಇಲ್ಲಿಯೇ. ದೇಶದ ಉದ್ದಗಲಕ್ಕೂ ಇರುವ ಮಳೆಮಾಪನ ಕೇಂದ್ರಗಳಲ್ಲಿ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಟ್ಟ ಅಂಕಿಗಳು ಕೊನೆಗೆ ಬಂದು ಸೇರುವುದೂ ಇಲ್ಲಿಗೇ. ಈ ಅಂಕಿಗಳು ಒಂದು ಕಾಲಕ್ಕೆ ಕಾಗದದ ಪುಸ್ತಕಗಳಲ್ಲಿದ್ದವು. ಬಳಿಕ ಪಂಚ್ ಕಾರ್ಡುಗಳಿಗೆ, ಅಲ್ಲಿಂದ ಕಾಂತೀಯ ಟೇಪುಗಳಿಗೆ, ಅಲ್ಲಿಂದ ಡಿಸ್ಕುಗಳಿಗೆ ಬಂದವು. ಪ್ರತಿಯೊಂದು ವರ್ಗಾವಣೆಯಲ್ಲಿಯೂ ಒಂದೇ ಅಪಾಯವಿತ್ತು. ಹೊಸ ಜಾಗಕ್ಕೆ ಬರುವ ಮೊದಲೇ ಹಳೆಯದು ಹಾಳಾದರೆ, ಆ ದಿನದ ಮಳೆಯನ್ನು ಮತ್ತೊಮ್ಮೆ ಅಳೆಯಲು ಯಾರಿಂದಲೂ ಸಾಧ್ಯವಿಲ್ಲ.

ಮನೆಯಲ್ಲಿ, ಶಾಲೆಯಲ್ಲಿ, ಸಣ್ಣ ಕಚೇರಿಯಲ್ಲಿ ಲಿನಕ್ಸ್ ಗಣಕಯಂತ್ರವನ್ನು ಬಳಸುವವರು ಹಾರ್ಡ್ ಡಿಸ್ಕನ್ನು ಬದಲಾಯಿಸುವಾಗ ಎದುರಿಸುವುದೂ ಇದೇ ಅಪಾಯವನ್ನು, ಪ್ರಮಾಣ ಮಾತ್ರ ಚಿಕ್ಕದು. ಜೊತೆಗೆ ಅವರು ತೀರ್ಮಾನಿಸಬೇಕಾದ ಇನ್ನೊಂದು ವಿಷಯವೂ ಇದೆ. ಹೊಸ ಡಿಸ್ಕಿನಲ್ಲಿ ‘ಸ್ವಾಪ್’ ಎಂಬ ವಿನಿಮಯ ಜಾಗಕ್ಕೆ ಎಷ್ಟು ಮೀಸಲಿಡಬೇಕು? ಶಿವಾಜಿನಗರದ ಮಳೆ ದತ್ತಾಂಶವನ್ನೇ ನಿದರ್ಶನವಾಗಿ ಇರಿಸಿಕೊಂಡರೆ ಈ ಎರಡೂ ವಿಷಯಗಳು ಸುಲಭವಾಗಿ ತಿಳಿಯುತ್ತವೆ.

ಮಳೆಯ ಲೆಕ್ಕ ಎಷ್ಟು ಜಾಗ ಹಿಡಿಯುತ್ತದೆ?

ಹವಾಮಾನ ಇಲಾಖೆಯ ಪುಣೆ ಕಚೇರಿಯು 1901ರಿಂದ ಈಚಿನ ದೈನಂದಿನ ಮಳೆಯ ಅಂಕಿಗಳನ್ನು ವರ್ಷಕ್ಕೊಂದು ಕಡತದಂತೆ ಸಾರ್ವಜನಿಕರಿಗೆ ದೊರೆಯುವ ಹಾಗೆ ಮಾಡಿದೆ. 6,955 ಮಳೆಮಾಪನ ಕೇಂದ್ರಗಳ ದಾಖಲೆಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ವಿಧಾನದಂತೆ, ದೇಶದ ನಕ್ಷೆಯ ಮೇಲೆ ಕಾಲು ಡಿಗ್ರಿಗೊಂದರಂತೆ ಬಿಂದುಗಳನ್ನು ಗುರುತಿಸಲಾಗಿದೆ. ಪೂರ್ವ ರೇಖಾಂಶ 66.5ರಿಂದ 100 ಡಿಗ್ರಿಯವರೆಗೆ 135 ಬಿಂದುಗಳು. ಉತ್ತರ ಅಕ್ಷಾಂಶ 6.5ರಿಂದ 38.5 ಡಿಗ್ರಿಯವರೆಗೆ 129 ಬಿಂದುಗಳು, ಒಟ್ಟು 17,415. ಪ್ರತಿ ಬಿಂದುವಿಗೆ ದಿನಕ್ಕೊಂದು ಅಂಕಿ, ಪ್ರತಿ ಅಂಕಿಗೆ 4 ಬೈಟ್. ಆದ್ದರಿಂದ 365 ದಿನಗಳ ಒಂದು ವರ್ಷದ ಕಡತವು ಸುಮಾರು 2.54 ಕೋಟಿ ಬೈಟ್, ಅಂದರೆ 25 ಮೆಗಾಬೈಟಿಗಿಂತ ಕೊಂಚ ಹೆಚ್ಚು. ಒಂದು ಪೆನ್‌ಡ್ರೈವಿಗೂ ಇದು ಭಾರವಲ್ಲ.

ಆದರೆ 1901ರಿಂದ 2024ರವರೆಗಿನ 124 ವರ್ಷಗಳನ್ನು ಒಟ್ಟಿಗೆ ಪರಿಶೀಲಿಸಬೇಕೆಂದರೆ ಲೆಕ್ಕ ಬೇರೆಯಾಗುತ್ತದೆ. ಈ ಅವಧಿಯಲ್ಲಿ 31 ಅಧಿಕ ವರ್ಷಗಳು ಸೇರಿ 45,291 ದಿನಗಳಿವೆ. ಒಟ್ಟು ಅಂಕಿಗಳು 78.87 ಕೋಟಿ, ಹಿಡಿಯುವ ಜಾಗ ಸುಮಾರು 3.15 ಗಿಗಾಬೈಟ್. ಗಣಿತದ ಅನೇಕ ತಂತ್ರಾಂಶಗಳು ಲೆಕ್ಕದ ನಿಖರತೆಗಾಗಿ ಪ್ರತಿ ಅಂಕಿಯನ್ನೂ 8 ಬೈಟಿಗೆ ಹಿಗ್ಗಿಸಿಕೊಳ್ಳುತ್ತವೆ. ಆಗ ಬೇಕಾಗುವುದು 6.31 ಗಿಗಾಬೈಟ್. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಭೂಗೋಳಶಾಸ್ತ್ರದ ವಿದ್ಯಾರ್ಥಿಯೊಬ್ಬರು 4 ಗಿಗಾಬೈಟ್ ರ‍್ಯಾಮ್ ಇರುವ ಹಳೆಯ ಗಣಕಯಂತ್ರದಲ್ಲಿ ಈ ಕೆಲಸಕ್ಕೆ ಕೈಹಾಕಿದರೆ, ಯಂತ್ರವು ಮೊದಲು ನಿಧಾನವಾಗುತ್ತದೆ, ಬಳಿಕ ಮೌಸಿನ ಬಾಣವೂ ಅಲುಗದಂತೆ ನಿಲ್ಲುತ್ತದೆ. ಕೆಲವೊಮ್ಮೆ ಕಾರ್ಯಕ್ರಮವು ಯಾವ ಕಾರಣವನ್ನೂ ಹೇಳದೆ ಮುಚ್ಚಿಹೋಗುತ್ತದೆ.

ಇಂತಹ ಹಳೆಯ ಯಂತ್ರಗಳು ಲಿನಕ್ಸಿಗೆ ಬರುತ್ತಿರುವುದಕ್ಕೆ ಕಾರಣವೂ ಇದೆ. ವಿಂಡೋಸ್ 10ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ಆವೃತ್ತಿಗೆ ಬೇಕಾದ ಯಂತ್ರಾಂಶ ಹಳೆಯ ಗಣಕಗಳಲ್ಲಿಲ್ಲ. ಕೇಂದ್ರ ಸರ್ಕಾರವು ಮುಕ್ತ ತಂತ್ರಾಂಶಗಳ ಬಳಕೆಯ ಬಗ್ಗೆ 2015ರಲ್ಲಿ ನೀತಿಯೊಂದನ್ನು ಪ್ರಕಟಿಸಿತು. ಪುಣೆಯಲ್ಲಿಯೇ ಪ್ರಧಾನ ಕಚೇರಿ ಇರುವ ಸಿ-ಡಾಕ್ ಸಂಸ್ಥೆಯು ಭಾರತೀಯ ಭಾಷೆಗಳಿಗೆ ಅನುಕೂಲವಾದ ‘ಬಾಸ್’ ಎಂಬ ಲಿನಕ್ಸ್ ಆವೃತ್ತಿಯನ್ನು 2007ರಲ್ಲಿ ಹೊರತಂದಿತು. ಲಿನಕ್ಸ್ ಬಡವರ ಪಾಲಿನ ವ್ಯವಸ್ಥೆ ಎಂದೇನೂ ಯಾರೂ ಭಾವಿಸಬೇಕಾಗಿಲ್ಲ. 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತಿವೇಗದ 500 ಗಣಕಯಂತ್ರಗಳ ಪಟ್ಟಿಯಲ್ಲಿರುವುದೆಲ್ಲವೂ ಲಿನಕ್ಸಿನಲ್ಲಿಯೇ ನಡೆಯುತ್ತವೆ. ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯಲ್ಲಿ 2024ರ ಸೆಪ್ಟೆಂಬರ್ 26ರಂದು ಉದ್ಘಾಟನೆಗೊಂಡ ‘ಅರ್ಕ’ ಎಂಬ ಮಹಾಗಣಕದ ಸಂಗ್ರಹ ಸಾಮರ್ಥ್ಯವೇ 33 ಪೆಟಾಬೈಟ್. ಮೇಲೆ ಹೇಳಿದ ಮಳೆಯ ಇಡೀ ದಾಖಲೆಯನ್ನು ಅದರಲ್ಲಿ ಒಂದು ಕೋಟಿ ಸಲ ತುಂಬಬಹುದು.

ಸ್ವಾಪ್ ಎಂದರೇನು?

ಸರ್ಕಾರಿ ಕಚೇರಿಯೊಂದನ್ನು ನೆನೆಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಗುಮಾಸ್ತರು ಕಡತಗಳನ್ನು ಬಿಡಿಸಿ ಕೆಲಸ ಮಾಡುವುದು ಮೇಜಿನ ಮೇಲೆ. ಕಡತಗಳು ಕಾಯಂ ಆಗಿ ಇರುವುದು ದಾಖಲೆ ಕೊಠಡಿಯಲ್ಲಿ. ಮೇಜು ಎಂದರೆ ರ‍್ಯಾಮ್, ದಾಖಲೆ ಕೊಠಡಿ ಎಂದರೆ ಹಾರ್ಡ್ ಡಿಸ್ಕ್. ಮೇಜು ತುಂಬಿದಾಗ, ಸದ್ಯಕ್ಕೆ ಬೇಡವಾದ ಬರೆದ ಹಾಳೆಗಳನ್ನು ದಾಖಲೆ ಕೊಠಡಿಯ ಒಂದು ಮೂಲೆಯ ಕಪಾಟಿನಲ್ಲಿಟ್ಟು, ಬೇಕಾದಾಗ ಮತ್ತೆ ತರುತ್ತಾರೆ. ಆ ಕಪಾಟೇ ಸ್ವಾಪ್ ಜಾಗ. ಅಲ್ಲಿಗೆ ಹೋಗುವುದು ಕಾಯಂ ಕಡತಗಳಲ್ಲ, ಅರ್ಧ ಮುಗಿದ ಕೆಲಸದ ಹಾಳೆಗಳು ಮಾತ್ರ.

ಲಿನಕ್ಸ್ ಈ ‘ಹಾಳೆ’ಯನ್ನು ಸಾಮಾನ್ಯ ಗಣಕಗಳಲ್ಲಿ 4 ಕಿಲೋಬೈಟ್, ಅಂದರೆ 4,096 ಬೈಟ್ ಎಂದು ಪರಿಗಣಿಸುತ್ತದೆ. ಚಿಕ್ಕ ಸ್ಮೃತಿಯನ್ನು ದೊಡ್ಡದೆಂಬಂತೆ ತೋರಿಸುವ ಈ ಏರ್ಪಾಡು ಲಿನಕ್ಸಿಗಿಂತ ಹಳೆಯದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಕೆಲಸ ಆರಂಭಿಸಿದ ಅಟ್ಲಾಸ್ ಎಂಬ ಗಣಕಯಂತ್ರದಲ್ಲಿಯೇ ಇದು ಬಳಕೆಗೆ ಬಂದಿತ್ತು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದಾಗ, ಆಗಿನ ಗಣಕಗಳ ರ‍್ಯಾಮ್ ಗಾತ್ರ ಕೆಲವೇ ಮೆಗಾಬೈಟ್ ಆಗಿತ್ತು.

ಕಪಾಟಿಗೆ ಹೋಗಿ ಬರುವ ಸಮಯವೆಷ್ಟು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ರ‍್ಯಾಮಿನಿಂದ ಒಂದು ಅಂಕಿಯನ್ನು ಪಡೆಯಲು ಸುಮಾರು 100 ನ್ಯಾನೋಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯು ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಓದುವ ತಲೆಯು ಸರಿಯಾದ ಪಥಕ್ಕೆ ಸರಿದು, ಬೇಕಾದ ಭಾಗವು ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಹೀಗಾಗಿ ಪ್ರತಿ ಸಲ ಸರಾಸರಿ 10 ಮಿಲಿಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಇದು ರ‍್ಯಾಮಿಗಿಂತ ಲಕ್ಷ ಪಟ್ಟು ನಿಧಾನ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಲ್ಲಿ ಇದೇ ಕೆಲಸ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಮಯದಲ್ಲಿ ಆಗುತ್ತದೆ.

ಮಳೆಯ ನಿದರ್ಶನಕ್ಕೆ ಇದನ್ನು ಅನ್ವಯಿಸಿದರೆ ಅಂತರ ಎದ್ದು ಕಾಣುತ್ತದೆ. ರ‍್ಯಾಮಿನಲ್ಲಿ ಹಿಡಿಸದೆ ಸ್ವಾಪಿಗೆ ಹೋದದ್ದು 3 ಗಿಗಾಬೈಟ್ ಎಂದುಕೊಳ್ಳೋಣ. ಅದು ಸುಮಾರು 7.3 ಲಕ್ಷ ಹಾಳೆಗಳಷ್ಟಾಯಿತು. ಒಂದೊಂದು ಹಾಳೆಯನ್ನೂ ಬೇರೆ ಬೇರೆ ಕಡೆಯಿಂದ ತರಬೇಕಾಗಿ ಬಂದರೆ ತಿರುಗುವ ಡಿಸ್ಕಿಗೆ ಎರಡು ಗಂಟೆ ಹಿಡಿಯುತ್ತದೆ. ಎಸ್‌ಎಸ್‌ಡಿಗೆ ಸುಮಾರು 73 ಸೆಕೆಂಡು. ಲಿನಕ್ಸ್ ಅಕ್ಕಪಕ್ಕದ ಹಾಳೆಗಳನ್ನು ಒಂದೇ ಸಲಕ್ಕೆ ತರುವ ಜಾಣ್ಮೆ ತೋರುವುದರಿಂದ ವಾಸ್ತವದಲ್ಲಿ ಇಷ್ಟು ಕೆಡುವುದಿಲ್ಲ. ಆದರೂ ಹಳೆಯ ಯಂತ್ರದಲ್ಲಿ ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದವರು ‘ಹೊಸ ಕಂಪ್ಯೂಟರ್ ಬಂದಂತಾಯಿತು’ ಎನ್ನುವುದರಲ್ಲಿ ಉತ್ಪ್ರೇಕ್ಷೆ ಕಡಿಮೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಕಡತಗಳಲ್ಲಿ ಅಂಕಿಗಳನ್ನು ದಿನವಾರು ಜೋಡಿಸಲಾಗಿದೆ: ಮೊದಲ ದಿನದ 17,415 ಬಿಂದುಗಳು, ಅನಂತರ ಎರಡನೆಯ ದಿನದವು, ಹೀಗೆ. ಆಗುಂಬೆಗೆ ಅತಿ ಸಮೀಪದ ಬಿಂದುವೆಂದರೆ 13.5 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ. ಆ ಒಂದು ಬಿಂದುವಿನ 124 ವರ್ಷಗಳ ಮಳೆಯನ್ನಷ್ಟೇ ಬಯಸಿದರೆ, ಒಂದು ದಿನದ ಅಂಕಿಗೂ ಮರುದಿನದ ಅಂಕಿಗೂ ನಡುವೆ 69,660 ಬೈಟುಗಳ ಅಂತರವಿರುತ್ತದೆ. ಹೀಗೆ 45,291 ಅಂಕಿಗಳಿಗಾಗಿ 45,291 ಬೇರೆ ಬೇರೆ ಹಾಳೆಗಳನ್ನು ಮುಟ್ಟಬೇಕಾಗುತ್ತದೆ. ತಂದ ಪ್ರತಿ ಹಾಳೆಯಲ್ಲಿ ಉಪಯೋಗಕ್ಕೆ ಬರುವುದು ಒಂದೇ ಅಂಕಿ. ಈ ಹಾಳೆಗಳೆಲ್ಲ ತಿರುಗುವ ಡಿಸ್ಕಿನ ಸ್ವಾಪಿನಲ್ಲಿದ್ದರೆ ಒಂದು ಊರಿನ ಲೆಕ್ಕಕ್ಕೇ ಏಳೂವರೆ ನಿಮಿಷ ಬೇಕು. ಅದರ ಬದಲು ವರ್ಷಕ್ಕೊಂದು ಕಡತವನ್ನು ತೆರೆದು, ಬೇಕಾದ ಬಿಂದುವನ್ನು ಆಯ್ದು, ಕಡತವನ್ನು ಮುಚ್ಚಿ ಮುಂದಿನ ವರ್ಷಕ್ಕೆ ಹೋದರೆ ಒಂದು ಕಾಲಕ್ಕೆ ಬೇಕಾಗುವ ಸ್ಮೃತಿ 51 ಮೆಗಾಬೈಟನ್ನು ಮೀರುವುದಿಲ್ಲ. ಮಿಗಿಲಾಗಿ ಈ ಬಿಂದುಗಳಲ್ಲಿ ಬಹುಪಾಲು ಸಮುದ್ರದ ಮೇಲೋ ದೇಶದ ಗಡಿಯಾಚೆಯೋ ಬೀಳುತ್ತವೆ. ಅಲ್ಲೆಲ್ಲ ಮಳೆಯ ಬದಲು ‘ಅಂಕಿ ಇಲ್ಲ’ ಎಂಬ ಸಂಕೇತವಾಗಿ -999 ಎಂದಷ್ಟೇ ಬರೆದಿರುತ್ತದೆ. ಕರ್ನಾಟಕದ ಬಿಂದುಗಳನ್ನು ಮಾತ್ರ ಉಳಿಸಿಕೊಂಡರೆ 4 ಗಿಗಾಬೈಟ್ ಯಂತ್ರಕ್ಕೆ ಸ್ವಾಪಿನ ಅಗತ್ಯವೇ ಬೀಳದು. ಅಂಗಡಿಗೆ ಹೋಗುವ ಮುನ್ನ ಕೆಲಸದ ಕ್ರಮವನ್ನೇ ಒಮ್ಮೆ ನೋಡಿಕೊಳ್ಳುವುದು ಲಾಭದಾಯಕ.

ಎಷ್ಟು ಸ್ವಾಪ್ ಬೇಕು?

‘ರ‍್ಯಾಮಿನ ಎರಡರಷ್ಟು’ ಎಂಬ ಸೂತ್ರವನ್ನು ಬಹಳ ಜನ ಇಂದಿಗೂ ಹೇಳುತ್ತಾರೆ. ಅದು ರ‍್ಯಾಮ್ ದುಬಾರಿಯಾಗಿದ್ದ ಕಾಲದ ಮಾತು. ಲಿನಕ್ಸಿನ 2.2ನೆಯ ಆವೃತ್ತಿಗೆ ಮೊದಲು ಸಾಮಾನ್ಯ ಗಣಕಗಳಲ್ಲಿ ಒಂದು ಸ್ವಾಪ್ ವಿಭಾಗವು ಸುಮಾರು 128 ಮೆಗಾಬೈಟನ್ನು ಮೀರುವಂತೆಯೇ ಇರಲಿಲ್ಲ. 2001ರ ಆರಂಭದಲ್ಲಿ ಬಂದ 2.4ನೆಯ ಆವೃತ್ತಿಯ ಮೊದಲ ಬಿಡುಗಡೆಗಳಲ್ಲಿ ಸ್ವಾಪಿನ ನಿರ್ವಹಣೆಯ ರೀತಿಯಿಂದಾಗಿ ಎರಡರಷ್ಟು ಇರಿಸುವುದು ಅಗತ್ಯವೂ ಆಗಿತ್ತು. ಆ ಕಾರಣಗಳು ಹೋದವು, ಸೂತ್ರ ಉಳಿಯಿತು. 32 ಗಿಗಾಬೈಟ್ ರ‍್ಯಾಮಿಗೆ 64 ಗಿಗಾಬೈಟ್ ಸ್ವಾಪ್ ಇರಿಸುವುದರಿಂದ ಸಾಮಾನ್ಯ ಬಳಕೆಯಲ್ಲಿ ಏನೂ ಪ್ರಯೋಜನವಿಲ್ಲ.

ಇಂದಿಗೆ ಹೊಂದುವ ಅಂದಾಜು ಹೀಗಿದೆ. ರ‍್ಯಾಮ್ 2 ಗಿಗಾಬೈಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದರ ಎರಡರಷ್ಟು ಸ್ವಾಪ್ ಇರಲಿ. 2ರಿಂದ 8 ಗಿಗಾಬೈಟಿನವರೆಗೆ ರ‍್ಯಾಮಿನಷ್ಟೇ ಸಾಕು. ಅದಕ್ಕಿಂತ ಹೆಚ್ಚು ಇದ್ದಲ್ಲಿ 4ರಿಂದ 8 ಗಿಗಾಬೈಟ್ ಇರಿಸಿ, ಬಳಕೆಯನ್ನು ಕೆಲವು ವಾರ ಗಮನಿಸಿ ತೀರ್ಮಾನಿಸುವುದು ಸೂಕ್ತ. ಇದಕ್ಕೊಂದು ಅಪವಾದವಿದೆ. ವಿದ್ಯುತ್ ಹೋಗುವ ಊರುಗಳಲ್ಲಿ ಅನೇಕರು ಲ್ಯಾಪ್‌ಟಾಪನ್ನು ‘ಹೈಬರ್ನೇಟ್’ ಸ್ಥಿತಿಗೆ ಕಳುಹಿಸುತ್ತಾರೆ. ಆಗ ರ‍್ಯಾಮಿನಲ್ಲಿರುವುದೆಲ್ಲ ಸ್ವಾಪಿಗೆ ಬರೆಯಲ್ಪಟ್ಟು ಯಂತ್ರ ಪೂರ್ತಿ ಆರಿಹೋಗುತ್ತದೆ. ಈ ಸೌಲಭ್ಯ ಬೇಕಿದ್ದರೆ ಸ್ವಾಪ್ ಕನಿಷ್ಠ ರ‍್ಯಾಮಿನಷ್ಟಾದರೂ ಇರುವುದು ಸುರಕ್ಷಿತ.

ಸ್ವಾಪನ್ನು ಪೂರ್ಣವಾಗಿ ಕೈಬಿಡಬಹುದೇ ಎಂದು ಕೇಳುವವರಿದ್ದಾರೆ. ಕೈಬಿಡಬಹುದು, ಆದರೆ ರ‍್ಯಾಮ್ ಮುಗಿದ ಗಳಿಗೆಯಲ್ಲಿ ಲಿನಕ್ಸ್ ಯಾವುದಾದರೊಂದು ಕಾರ್ಯಕ್ರಮವನ್ನು ಬಲವಂತವಾಗಿ ಮುಗಿಸಿ ಜಾಗ ಮಾಡಿಕೊಳ್ಳುತ್ತದೆ. ಅದು ಆರಿಸುವುದು ಸಾಮಾನ್ಯವಾಗಿ ಅತಿ ಹೆಚ್ಚು ಸ್ಮೃತಿ ಹಿಡಿದಿರುವ ಕಾರ್ಯಕ್ರಮವನ್ನು, ಅಂದರೆ ಬಳಕೆದಾರರು ಆ ಹೊತ್ತಿಗೆ ಮಾಡುತ್ತಿರುವ ಮುಖ್ಯ ಕೆಲಸವನ್ನೇ. ವಿದ್ಯಾರ್ಥಿಯ ಕಾರ್ಯಕ್ರಮ ಹೇಳದೆ ಕೇಳದೆ ಮುಚ್ಚಿಹೋದುದಕ್ಕೆ ಕಾರಣ ಇದು.

ಈಗಿನ ಬಳಕೆಯನ್ನು ತಿಳಿಯಲು ‘ಫ್ರೀ’ ಎಂಬ ಆಜ್ಞೆ ಸಾಕು. ಸ್ವಾಪಿನ ಸಾಲಿನಲ್ಲಿ ಸ್ವಲ್ಪ ಬಳಕೆ ಕಂಡರೆ ಗಾಬರಿಯಾಗಬೇಕಾಗಿಲ್ಲ. ಗಂಟೆಗಟ್ಟಲೆ ಮುಟ್ಟದ ಹಾಳೆಗಳನ್ನು ಅತ್ತ ಕಳುಹಿಸಿರುವುದು ಒಳ್ಳೆಯ ಲಕ್ಷಣ. ‘ವಿಎಂಸ್ಟಾಟ್’ ಆಜ್ಞೆಯಲ್ಲಿ ಸ್ವಾಪಿಗೆ ಹೋಗುವ ಮತ್ತು ಅಲ್ಲಿಂದ ಬರುವ ಪ್ರಮಾಣಗಳೆರಡೂ ಎಡೆಬಿಡದೆ ದೊಡ್ಡದಾಗಿಯೇ ಇದ್ದರೆ ಮಾತ್ರ ರ‍್ಯಾಮ್ ಸಾಲದೆಂದು ಅರ್ಥ. ಎಷ್ಟು ಬೇಗ ಸ್ವಾಪಿನತ್ತ ಕೈಚಾಚಬೇಕೆಂಬುದನ್ನು ನಿರ್ಧರಿಸುವ ‘ಸ್ವಾಪಿನೆಸ್’ ಎಂಬ ಅಂಕವೊಂದಿದ್ದು, ಅದರ ವಾಡಿಕೆಯ ಬೆಲೆ 60. ತಿರುಗುವ ಡಿಸ್ಕಿರುವ ಯಂತ್ರದಲ್ಲಿ ಇದನ್ನು 10ರ ಆಸುಪಾಸಿಗೆ ಇಳಿಸುವ ರೂಢಿಯಿದೆ. ರ‍್ಯಾಮಿನಲ್ಲಿಯೇ ಒಂದು ಭಾಗವನ್ನು ತೆಗೆದಿಟ್ಟು, ಹಾಳೆಗಳನ್ನು ಒತ್ತಿ ಕುಗ್ಗಿಸಿ ಇರಿಸುವ ‘ಝಡ್‌ರ‍್ಯಾಮ್’ ಎಂಬ ಉಪಾಯವೂ ಇದೆ. ಫೆಡೋರಾ ಎಂಬ ಲಿನಕ್ಸ್ ಆವೃತ್ತಿಯು 2020ರಿಂದ ಇದನ್ನೇ ಮೂಲ ಏರ್ಪಾಡಾಗಿ ಮಾಡಿಕೊಂಡಿದೆ. 4 ಗಿಗಾಬೈಟಿನ ಯಂತ್ರಗಳಿಗೆ ಇದು ಬಹಳ ಉಪಕಾರಿ. ಆದರೆ ಹೈಬರ್ನೇಟ್ ಸ್ಥಿತಿಗೆ ಇದು ಒದಗದು.

ವಿಭಾಗವೋ, ಕಡತವೋ?

ಸ್ವಾಪನ್ನು ಡಿಸ್ಕಿನ ಪ್ರತ್ಯೇಕ ವಿಭಾಗವಾಗಿಯೂ ಇರಿಸಬಹುದು, ಸಾಮಾನ್ಯ ಕಡತವೊಂದರ ರೂಪದಲ್ಲಿಯೂ ಇರಿಸಬಹುದು. ಹಿಂದೆ ವಿಭಾಗವೇ ವೇಗವೆಂಬ ಮಾತಿತ್ತು, ಲಿನಕ್ಸಿನ 2.6ನೆಯ ಆವೃತ್ತಿಯ ಬಳಿಕ ಈ ಅಂತರ ಉಳಿದಿಲ್ಲ. ಉಬುಂಟು 2017ರಿಂದ ಕಡತದ ಕ್ರಮವನ್ನೇ ಅನುಸರಿಸಿದೆ. ಕಡತದ ಗಾತ್ರವನ್ನು ಮುಂದೆ ಸುಲಭವಾಗಿ ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು. ಹೈಬರ್ನೇಟ್ ಬಳಸುವವರಿಗೆ ಮಾತ್ರ ವಿಭಾಗವೇ ತೊಡಕಿಲ್ಲದ ದಾರಿ. ಯಂತ್ರದಲ್ಲಿ ಎರಡು ಡಿಸ್ಕುಗಳಿದ್ದರೆ ಸ್ವಾಪನ್ನು ವೇಗದ ಡಿಸ್ಕಿನಲ್ಲಿರಿಸತಕ್ಕದ್ದು. ಎರಡೂ ಸಮಾನ ವೇಗದವಾದರೆ ಎರಡರಲ್ಲಿಯೂ ಅರ್ಧರ್ಧ ಇರಿಸಿ ಒಂದೇ ಆದ್ಯತೆ ಕೊಟ್ಟಲ್ಲಿ ಲಿನಕ್ಸ್ ಎರಡನ್ನೂ ಸರದಿಯಂತೆ ಬಳಸಿಕೊಳ್ಳುತ್ತದೆ.

ಎಸ್‌ಎಸ್‌ಡಿಯಲ್ಲಿ ಸ್ವಾಪ್ ಇರಿಸಿದರೆ ಅದು ಬೇಗ ಸವೆಯುತ್ತದೆಯೆಂಬ ಭಯ ಹಲವರಿಗಿದೆ. ಬರೆದಷ್ಟೂ ಅದರ ಕೋಶಗಳು ಸವೆಯುವುದು ನಿಜ. ಆದರೆ ದಿನಕ್ಕೊಂದೆರಡು ಗಿಗಾಬೈಟ್ ಸ್ವಾಪಾಗುವ ಮನೆಯ ಗಣಕದಲ್ಲಿ ಈ ಸವೆತ ಲೆಕ್ಕಕ್ಕೆ ಬರುವಷ್ಟಿಲ್ಲ. ತಯಾರಕರು ಖಾತರಿ ನೀಡುವ ಬರವಣಿಗೆಯ ಮಿತಿ ಸಾಮಾನ್ಯವಾಗಿ ಹತ್ತಾರು ಅಥವಾ ನೂರಾರು ಟೆರಾಬೈಟುಗಳಲ್ಲಿರುತ್ತದೆ.

ಡಿಸ್ಕನ್ನು ಬದಲಾಯಿಸುವ ಕ್ರಮ

ಮೊದಲು ಹಳೆಯ ಡಿಸ್ಕಿನ ಆರೋಗ್ಯವನ್ನು ತಿಳಿಯಬೇಕು. ಡಿಸ್ಕುಗಳು ತಮ್ಮ ಸ್ಥಿತಿಯನ್ನು ತಾವೇ ದಾಖಲಿಸಿಕೊಳ್ಳುತ್ತವೆ. ‘ಸ್ಮಾರ್ಟ್‌ಸಿಟಿಎಲ್’ ಆಜ್ಞೆಯು ಅದನ್ನು ಓದಿ ತೋರಿಸುತ್ತದೆ. ಕೆಟ್ಟುಹೋಗಿ ಬದಲಿ ಜಾಗ ಪಡೆದ ಖಂಡಗಳ ಮತ್ತು ಓದಲಾಗದೆ ಬಾಕಿ ಉಳಿದ ಖಂಡಗಳ ಸಂಖ್ಯೆ ಸೊನ್ನೆಯಿದ್ದರೆ ನೆಮ್ಮದಿ. ಅವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಬೇರೆಲ್ಲ ಕೆಲಸವನ್ನು ಬಿಟ್ಟು ಅಮೂಲ್ಯ ಕಡತಗಳನ್ನು ಅಂದೇ ಬೇರೆಡೆಗೆ ತೆಗೆಯಬೇಕು. ಟಕಟಕ ಸದ್ದು ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಚಾಲೂ ಮಾಡಿ ಪರೀಕ್ಷಿಸುವುದು ಸಲ್ಲದು. ಅದರ ಉಳಿದ ಆಯುಷ್ಯವನ್ನು ನಕಲಿಗೆ ವಿನಿಯೋಗಿಸುವುದು ಲೇಸು.

ಎರಡನೆಯದಾಗಿ, ಬದಲಾವಣೆಯ ಮುನ್ನ ಒಂದು ಪ್ರತ್ಯೇಕ ಪ್ರತಿ ಇರತಕ್ಕದ್ದು. ಹಳೆಯ ಡಿಸ್ಕೇ ಪ್ರತಿಯಾಯಿತಲ್ಲ ಎಂದು ಭಾವಿಸುವವರು, ನಕಲಿನ ಆಜ್ಞೆಯಲ್ಲಿ ಮೂಲ ಮತ್ತು ಗುರಿಗಳು ಅದಲುಬದಲಾದರೆ ಏನಾಗುವುದೆಂದು ಯೋಚಿಸಬೇಕು. ‘ಡಿಡಿ’ ಎಂಬ ಆಜ್ಞೆಯು ಇಡೀ ಡಿಸ್ಕನ್ನು ಅಕ್ಷರಶಃ ನಕಲು ಮಾಡುತ್ತದೆ ಮತ್ತು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆಯೆಂದರೆ ಅದನ್ನೂ ವಿಧೇಯವಾಗಿ ಮಾಡಿ ಮುಗಿಸುತ್ತದೆ. ಯಾವ ಹೆಸರು ಯಾವ ಡಿಸ್ಕಿನದೆಂದು ಗಾತ್ರ ಮತ್ತು ತಯಾರಿಕೆಯ ಕ್ರಮಸಂಖ್ಯೆಗಳಿಂದ ಖಚಿತಪಡಿಸಿಕೊಂಡು, ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಹಳೆಯ ಪದ್ಧತಿಯಾದರೂ ಒಳ್ಳೆಯ ಪದ್ಧತಿ.

ಹೊಸ ಡಿಸ್ಕಿನ ಗಾತ್ರದ ಬಗ್ಗೆ ಒಂದು ಮಾತು. ಪೆಟ್ಟಿಗೆಯ ಮೇಲೆ 500 ಗಿಗಾಬೈಟ್ ಎಂದಿದ್ದು ಪರದೆಯ ಮೇಲೆ 465 ಎಂದು ಕಂಡರೆ ಮೋಸವಾಯಿತೆಂದು ತಿಳಿಯಬಾರದು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ಗಣಕ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಎರಡು ಟೆರಾಬೈಟನ್ನು ಮೀರಿದ ಡಿಸ್ಕುಗಳಿಗೆ ಹಳೆಯ ‘ಎಂಬಿಆರ್’ ಮಾದರಿಯ ವಿಭಾಗ ಪಟ್ಟಿ ಒದಗುವುದಿಲ್ಲ. ಅದರಲ್ಲಿ 512 ಬೈಟಿನ ಖಂಡಗಳನ್ನು 32 ಬಿಟ್ ಸಂಖ್ಯೆಯಿಂದ ಎಣಿಸುವುದರಿಂದ 2.2 ಟೆರಾಬೈಟಿನ ಆಚೆಗೆ ಲೆಕ್ಕವೇ ಮುಗಿದುಹೋಗುತ್ತದೆ. ಅಂತಹ ಡಿಸ್ಕುಗಳಿಗೆ ‘ಜಿಪಿಟಿ’ ಮಾದರಿಯನ್ನು ಆರಿಸಬೇಕು. ಚಿಕ್ಕ ಡಿಸ್ಕುಗಳಿಗೂ ಈಗ ಅದೇ ರೂಢಿ.

ಮೇಲೆ ಹೇಳಿದ ವಿದ್ಯಾರ್ಥಿಯ 4 ಗಿಗಾಬೈಟ್ ಯಂತ್ರಕ್ಕೆ 480 ಗಿಗಾಬೈಟಿನ ಎಸ್‌ಎಸ್‌ಡಿ ತಂದರೆಂದು ಭಾವಿಸಿದರೆ, ವಿಂಗಡಣೆ ಹೀಗಿರಬಹುದು: ಯಂತ್ರ ಏಳಲು ಬೇಕಾದ ವಿಭಾಗಕ್ಕೆ 1 ಗಿಗಾಬೈಟ್, ವ್ಯವಸ್ಥೆಗೆ ಮತ್ತು ತಂತ್ರಾಂಶಗಳಿಗೆ 60, ಸ್ವಾಪಿಗೆ 8, ಉಳಿದುದೆಲ್ಲ ಸ್ವಂತ ಕಡತಗಳಿಗೆ. ಸ್ವಾಪಿಗೆ 4ರ ಬದಲು 8 ಎಂದಿರುವುದು ಮುಂದೆ ರ‍್ಯಾಮನ್ನು 8ಕ್ಕೆ ಏರಿಸುವ ಅವಕಾಶವನ್ನು ಗಮನದಲ್ಲಿಟ್ಟುಕೊಂಡು. ವ್ಯವಸ್ಥೆ ಮತ್ತು ಸ್ವಂತ ಕಡತಗಳು ಬೇರೆ ಬೇರೆ ವಿಭಾಗಗಳಲ್ಲಿದ್ದರೆ, ಮುಂದೊಮ್ಮೆ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವಾಗ ಮಳೆಯ ದತ್ತಾಂಶವನ್ನು ಮುಟ್ಟಬೇಕಾಗುವುದಿಲ್ಲ.

ನಕಲು ಮಾಡುವಾಗ ಲಿನಕ್ಸನ್ನು ಪೆನ್‌ಡ್ರೈವಿನಿಂದ ನಡೆಸಿ, ಹಳೆಯ ಡಿಸ್ಕಿನಲ್ಲಿ ಏನೂ ಬದಲಾಗದಂತೆ ನೋಡಿಕೊಳ್ಳುವುದು ಉತ್ತಮ. ‘ಆರ್‌ಸಿಂಕ್’ ಆಜ್ಞೆಯು ಕಡತಗಳ ಒಡೆತನ, ಅನುಮತಿ, ದಿನಾಂಕಗಳನ್ನು ಉಳಿಸಿಕೊಂಡು ನಕಲಿಸುತ್ತದೆ. ನಡುವೆ ವಿದ್ಯುತ್ ಹೋದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಸ್ವಾಪನ್ನು ಮಾತ್ರ ನಕಲಿಸಬೇಕಾಗಿಲ್ಲ. ಯಂತ್ರ ಪೂರ್ತಿ ಆರಿದ ಮೇಲೆ ಅದರಲ್ಲಿ ಉಪಯುಕ್ತವಾದದ್ದೇನೂ ಉಳಿಯುವುದಿಲ್ಲ. ಆದ್ದರಿಂದ ಹೈಬರ್ನೇಟ್ ಸ್ಥಿತಿಯಲ್ಲಿರುವ ಯಂತ್ರದ ಡಿಸ್ಕನ್ನು ಎಂದೂ ತೆಗೆಯಬಾರದು. ಮೊದಲು ಸರಿಯಾಗಿ ಚಾಲೂ ಮಾಡಿ, ಸರಿಯಾಗಿ ಮುಚ್ಚಬೇಕು. ಹೊಸ ವಿಭಾಗಕ್ಕೆ ‘ಮೇಕ್‌ಸ್ವಾಪ್’ ಎಂಬ ಆಜ್ಞೆಯಿಂದ ಗುರುತು ಹಾಕಿ, ‘ಸ್ವಾಪಾನ್’ ಎಂಬುದರಿಂದ ಬಳಕೆಗೆ ತರಬಹುದು.

ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪ್ರತಿ ವಿಭಾಗಕ್ಕೂ ಲಿನಕ್ಸ್ ಒಂದು ಉದ್ದನೆಯ ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ‘ಎಫ್‌ಎಸ್‌ಟ್ಯಾಬ್’ ಎಂಬ ಪಟ್ಟಿಯಲ್ಲಿ ಆ ಸಂಖ್ಯೆಗಳಿರುತ್ತವೆ. ಹೊಸ ವಿಭಾಗಗಳ ಸಂಖ್ಯೆ ಹೊಸದು. ನಕಲಾಗಿ ಬಂದ ಪಟ್ಟಿಯಲ್ಲಿರುವುದು ಹಳೆಯದು. ಅದನ್ನು ತಿದ್ದದಿದ್ದರೆ ಗಣಕವು ಇಲ್ಲದ ಸ್ವಾಪಿಗಾಗಿ ಒಂದೂವರೆ ನಿಮಿಷ ಕಾದು, ಬಳಿಕ ಏಳುತ್ತದೆ. ಹೊಸ ಡಿಸ್ಕ್ ಹಾಕಿದರೂ ಯಂತ್ರ ಮೊದಲಿಗಿಂತ ನಿಧಾನವಾಯಿತೆಂದು ದೂರುವವರ ತೊಂದರೆ ಬಹುಮಟ್ಟಿಗೆ ಇದೇ ಆಗಿರುತ್ತದೆ. ಹೈಬರ್ನೇಟ್ ಬಳಸುವವರು ಆರಂಭಿಕ ಕಡತದಲ್ಲಿರುವ ಸ್ವಾಪಿನ ಸಂಖ್ಯೆಯನ್ನೂ ತಿದ್ದಿ, ಆ ಕಡತವನ್ನು ಹೊಸದಾಗಿ ರಚಿಸಬೇಕು. ‘ಡಿಡಿ’ಯಿಂದ ನಕಲಿಸಿದವರಿಗೆ ಇದಕ್ಕೆ ವಿರುದ್ಧವಾದ ತೊಡಕು: ಎರಡು ಡಿಸ್ಕುಗಳಿಗೂ ಒಂದೇ ಸಂಖ್ಯೆ ಬಂದಿರುತ್ತದೆ. ಎರಡನ್ನೂ ಒಟ್ಟಿಗೆ ಜೋಡಿಸಿ ಗಣಕವನ್ನು ಚಾಲೂ ಮಾಡಿದರೆ ಅದು ಯಾವುದನ್ನು ಆರಿಸಿಕೊಂಡಿತೆಂಬುದೇ ತಿಳಿಯದೆ ಹೋಗಬಹುದು. ಕೊನೆಯದಾಗಿ, ಗಣಕವನ್ನು ಎಬ್ಬಿಸುವ ‘ಗ್ರಬ್’ ಎಂಬ ತಂತ್ರಾಂಶವನ್ನು ಹೊಸ ಡಿಸ್ಕಿನಲ್ಲಿ ಸ್ಥಾಪಿಸಿ, ಹಳೆಯದನ್ನು ಕಳಚಿಟ್ಟು ಪರೀಕ್ಷಿಸಬೇಕು.

ಹಳೆಯ ಡಿಸ್ಕಿನ ವಿಲೇವಾರಿ

ಹೊಸ ಡಿಸ್ಕಿನಿಂದ ಗಣಕ ಎದ್ದಿತೆಂದ ಮಾತ್ರಕ್ಕೆ ಹಳೆಯದನ್ನು ಅಂದೇ ಅಳಿಸುವ ಆತುರ ಬೇಡ. ಕಡತಗಳ ಸಂಖ್ಯೆ ಮತ್ತು ಗಾತ್ರ ಎರಡೂ ಕಡೆ ಒಂದೇ ಆಗಿವೆಯೇ ಎಂದು ನೋಡಬೇಕು. ಮಳೆಯ ಕಡತಗಳಂತಹವನ್ನು ‘ಎಸ್‌ಎಚ್‌ಎ256ಸಮ್’ ಎಂಬ ಆಜ್ಞೆಯಿಂದ ತಾಳೆ ನೋಡಬಹುದು. ಒಂದೇ ಒಂದು ಬಿಟ್ ಬದಲಾಗಿದ್ದರೂ ಅದು ಹಿಡಿದುಕೊಡುತ್ತದೆ. ಹಳೆಯ ಡಿಸ್ಕನ್ನು ಒಂದು ತಿಂಗಳಾದರೂ ಒಣ ಜಾಗದಲ್ಲಿ, ಮೇಲೆ ದಿನಾಂಕ ಬರೆದು ಇರಿಸುವುದು ಕ್ಷೇಮ.

ಆಮೇಲೆ ಅದನ್ನು ಯಾರಿಗಾದರೂ ಕೊಡುವುದಾದರೆ, ಸ್ವಾಪ್ ವಿಭಾಗವನ್ನು ಮರೆಯಬಾರದು. ಸ್ವಂತ ಕಡತಗಳನ್ನೆಲ್ಲ ಅಳಿಸಿದವರೂ ಸ್ವಾಪನ್ನು ಹಾಗೆಯೇ ಬಿಡುವುದುಂಟು. ಗಣಕ ನಡೆಯುತ್ತಿದ್ದಾಗ ರ‍್ಯಾಮಿನಲ್ಲಿದ್ದ ಗುಪ್ತಪದ, ಪತ್ರ, ಬ್ಯಾಂಕಿನ ವಿವರ ಯಾವುದೇ ಆಗಲಿ, ಅಲ್ಲಿ ಬರೆಯಲ್ಪಟ್ಟು ಹಾಗೆಯೇ ಉಳಿದಿರಬಹುದು. ತಿರುಗುವ ಡಿಸ್ಕನ್ನು ‘ಶ್ರೆಡ್’ ಆಜ್ಞೆಯಿಂದ ಮೊದಲಿನಿಂದ ಕೊನೆಯವರೆಗೆ ಮರುಬರೆಯಬಹುದು. ಎಸ್‌ಎಸ್‌ಡಿಗಳಲ್ಲಿ ಮರುಬರೆದರೂ ಹಳೆಯ ಕೋಶಗಳು ಉಳಿಯುವ ಸಂಭವವಿರುವುದರಿಂದ, ಡಿಸ್ಕಿನೊಳಗೇ ಇರುವ ಸುರಕ್ಷಿತ ಅಳಿಸುವಿಕೆಯ ಆಜ್ಞೆಯನ್ನು ಬಳಸಬೇಕು. ಹೊಸ ಡಿಸ್ಕಿನಲ್ಲಿ ಆರಂಭದಿಂದಲೇ ಸ್ವಾಪನ್ನು ಗೂಢಲಿಪಿಯಲ್ಲಿ ಬರೆಯುವ ಏರ್ಪಾಡು ಮಾಡಿಕೊಂಡರೆ ಮುಂದಿನ ಸಲ ಈ ಚಿಂತೆಯಿಲ್ಲ.

ಕೆಟ್ಟ ಡಿಸ್ಕನ್ನು ಮನೆಯ ಕಸದೊಂದಿಗೆ ಎಸೆಯಕೂಡದು. ಹಳೆ ಸಾಮಾನಿನವರಿಗೆ ತೂಕಕ್ಕೆ ಹಾಕುವುದೂ ಸರಿಯಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಇಂತಹ ವಸ್ತುಗಳ ಮರುಬಳಕೆ ನೋಂದಾಯಿತ ಘಟಕಗಳ ಮೂಲಕವೇ ಆಗಬೇಕು. ಡಿಸ್ಕಿನೊಳಗಿನ ಅಲ್ಯೂಮಿನಿಯಂ, ತಾಮ್ರ ಮತ್ತು ನಿಯೋಡಿಮಿಯಂ ಅಯಸ್ಕಾಂತಗಳು ಅಲ್ಲಿ ಮರಳಿ ದೊರೆಯುತ್ತವೆ.